ರಕ್ತದ ತವರು: ಸುಶ್ರುತನ ‘ಸರಕ್ತ ಮೇದಸ್ಸು’ ಮತ್ತು ಕೆಂಪು ಮಜ್ಜೆ

ಸುಶ್ರುತಸಂಹಿತೆಯ ಶಾರೀರಸ್ಥಾನದ ನಾಲ್ಕನೆಯ ಅಧ್ಯಾಯ ಮೂಳೆಯೊಳಗಿನ ಪದಾರ್ಥಕ್ಕೆ ಎರಡು ಹೆಸರು ಕೊಡುತ್ತದೆ. ದಪ್ಪ ಮೂಳೆಗಳಲ್ಲಿ ಇರುವುದು ಮಜ್ಜೆ. ಉಳಿದವುಗಳಲ್ಲಿ ‘ಸರಕ್ತ ಮೇದಸ್ಸು’, ಅಂದರೆ ರಕ್ತ ಬೆರೆತ ಕೊಬ್ಬು. ವಯಸ್ಕರ ಮಟ್ಟಿಗೆ ಈ ವಿಂಗಡಣೆ ಬಹುಪಾಲು ಸರಿ. ತೊಡೆಮೂಳೆಯ ನಡುಭಾಗದಲ್ಲಿ ತುಂಬಿರುವುದು ಹಳದಿ ಕೊಬ್ಬು. ನಲ್ಲಿ ಮೂಳೆ ಚೀಪಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕೆಂಪು ಮಜ್ಜೆ ಉಳಿದಿರುವುದು ಬೆನ್ನು, ಸೊಂಟ, ಎದೆ, ತಲೆಬುರುಡೆಗಳ ಮೂಳೆಗಳಲ್ಲಿ, ತೊಡೆ ಮತ್ತು ತೋಳಿನ ಮೂಳೆಗಳ ಮೇಲ್ತುದಿಯಲ್ಲಿ.

ಇಷ್ಟನ್ನೇ ಹಿಡಿದು ರಕ್ತೋತ್ಪತ್ತಿಯ ಗುಟ್ಟು ಪ್ರಾಚೀನರಿಗೆ ತಿಳಿದಿತ್ತು ಎನ್ನುವುದು ದುಡುಕು. ಅವರು ಬಣ್ಣ ಕಂಡಿದ್ದರು, ಕೆಲಸ ಕಂಡಿರಲಿಲ್ಲ. ಸಪ್ತಧಾತುಗಳ ಸಾಲಿನಲ್ಲಿ ರಸದಿಂದ ರಕ್ತ ಹುಟ್ಟುತ್ತದೆ. ಮಜ್ಜೆಯ ಸರದಿ ಮೂಳೆಯ ನಂತರ. ಅಲ್ಲಿ ರಕ್ತವು ಮಜ್ಜೆಯ ಪೂರ್ವಜ, ಸಂತಾನವಲ್ಲ. ರಸ ಕೆಂಪಾಗುವುದು ಯಕೃತ್ತು, ಪ್ಲೀಹಗಳಲ್ಲಿ ಎಂಬುದು ಸುಶ್ರುತನ ಮತ. ಕೆಂಪಾಗಿಸುವ ರಂಜಕ ಪಿತ್ತವನ್ನು ವಾಗ್ಭಟ ಆಮಾಶಯದಲ್ಲಿ ಇರಿಸಿದ. (ನಮ್ಮ ಪಠ್ಯಪುಸ್ತಕಗಳು ಪ್ಲೀಹವನ್ನು ‘ಗುಲ್ಮ’ ಎನ್ನುತ್ತವೆ. ಆಯುರ್ವೇದದಲ್ಲಿ ಗುಲ್ಮವೆಂದರೆ ಹೊಟ್ಟೆಯಲ್ಲಿ ಗಂಟೇಳುವ ರೋಗ. ಗೊಂದಲ ಬೇಡವೆಂದು ಹಳೆಯ ಪದವನ್ನೇ ಇಟ್ಟುಕೊಂಡಿದ್ದೇನೆ.)

ಮಜ್ಜೆಯ ಕೆಲಸ ಬಯಲಾದದ್ದು 1868ರಲ್ಲಿ. ಕ್ಯೋನಿಗ್ಸ್‌ಬರ್ಗ್‌ನ ಅರ್ನ್ಸ್ಟ್ ನಾಯ್ಮನ್, ಇಟಲಿಯ ಜೂಲಿಯೊ ಬಿಜೊಜೆರೊ ಒಬ್ಬರನ್ನೊಬ್ಬರು ಆಶ್ರಯಿಸದೆ ಮಜ್ಜೆಯಲ್ಲಿ ಕೋಶಕೇಂದ್ರವಿರುವ ಕೆಂಪು ಕಣಗಳನ್ನು ಗುರುತಿಸಿದರು. ನಾಳಗಳಲ್ಲಿ ಹರಿಯುವ ಕೆಂಪು ಕಣಕ್ಕೆ ಕೋಶಕೇಂದ್ರ ಇರುವುದಿಲ್ಲ. ಬಲಿಯುತ್ತಿರುವ ಕಣ ಮಜ್ಜೆಯಲ್ಲೇ ಅದನ್ನು ಹೊರದಬ್ಬುತ್ತದೆ. ಪಕ್ಕದ ಭಕ್ಷಕ ಕೋಶ ನುಂಗಿಹಾಕುತ್ತದೆ. ಹೊರಬಂದ ಕಣದ ಆಯುಸ್ಸು ಸುಮಾರು 120 ದಿನ. ಆದ್ದರಿಂದ ಮಜ್ಜೆ ಪ್ರತಿ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಕೆಂಪು ಕಣಗಳನ್ನು ಹೆರುತ್ತಲೇ ಇರಬೇಕು. ಬೇಡಿಕೆ ಕಳಿಸುವುದು ಮಾತ್ರ ಮೂತ್ರಪಿಂಡ: ಆಮ್ಲಜನಕ ಕಡಿಮೆಯಾದರೆ ಅದು ಎರಿತ್ರೊಪೊಯೆಟಿನ್ ಸ್ರವಿಸುತ್ತದೆ. ಮೂತ್ರಪಿಂಡ ಸೋತವರು ಬಿಳಿಚಿಕೊಳ್ಳುವುದಕ್ಕೆ ಇದರ ಕೊರತೆಯೇ ಮುಖ್ಯ ಕಾರಣ.

ಇಷ್ಟೆಲ್ಲ ಕಣಗಳಿಗೆ ಮೂಲವೆಲ್ಲಿ? 1961ರಲ್ಲಿ ಟೊರಾಂಟೊದ ಜೇಮ್ಸ್ ಟಿಲ್, ಅರ್ನೆಸ್ಟ್ ಮೆಕಲಕ್ ವಿಕಿರಣದಿಂದ ಮಜ್ಜೆ ನಾಶವಾದ ಇಲಿಗಳಿಗೆ ಬೇರೆ ಇಲಿಗಳ ಮಜ್ಜೆ ಚುಚ್ಚಿದರು. ಕೆಲವೇ ದಿನಗಳಲ್ಲಿ ಗಂಟುಗಳೆದ್ದವು, ಅದೂ ಪ್ಲೀಹದಲ್ಲಿ. ಒಂದೊಂದು ಗಂಟೂ ಒಂದೇ ಕೋಶದ ಸಂತತಿ ಎಂಬುದು 1963ರಲ್ಲಿ ಖಚಿತವಾಯಿತು. ಆಕರಕೋಶದ ಪರಿಕಲ್ಪನೆಗೆ ಪ್ರಯೋಗದ ಆಧಾರ ಸಿಕ್ಕಿದ್ದು ಹೀಗೆ. ಇಲಿಯ ಪ್ಲೀಹ ಜೀವನಪೂರ್ತಿ ರಕ್ತ ತಯಾರಿಸುತ್ತದೆ. ಆರೋಗ್ಯವಂತ ವಯಸ್ಕ ಮನುಷ್ಯನದು ಹಾಗಲ್ಲ.

ಭ್ರೂಣದ ಕತೆ ಬೇರೆ. ಮೂರನೆಯ ವಾರ ಅಂಡಪೀತಕ ಚೀಲದಲ್ಲಿ ಶುರುವಾದ ಕೆಲಸ ಎರಡನೆಯ ತಿಂಗಳಲ್ಲಿ ಯಕೃತ್ತಿಗೆ ಬರುತ್ತದೆ, ಕೊನೆಯ ತಿಂಗಳುಗಳಲ್ಲಿ ಮಜ್ಜೆಗೆ ಇಳಿಯುತ್ತದೆ. ಐದು ತಿಂಗಳ ಭ್ರೂಣದ ಬಗ್ಗೆ ಕೇಳಿದರೆ ‘ಯಕೃತ್ತು’ ಸರಿಯುತ್ತರವೇ. ಸುಶ್ರುತ ಹೇಳುತ್ತಿದ್ದುದು ಉಂಡ ಅನ್ನದ ರಸದ ವಿಚಾರ, ಭ್ರೂಣದ್ದಲ್ಲ.

ಬಿಟ್ಟ ಮನೆಗೆ ರಕ್ತ ಮರಳುವುದೂ ಉಂಟು. ಮೈಲೊಫೈಬ್ರೊಸಿಸ್ ರೋಗದಲ್ಲಿ ಮಜ್ಜೆ ನಾರುಗಟ್ಟಿದಾಗ ಯಕೃತ್ತು, ಪ್ಲೀಹಗಳು ಮತ್ತೆ ರಕ್ತ ತಯಾರಿಸತೊಡಗುತ್ತವೆ. ಪ್ಲೀಹ ಕೆಲವೊಮ್ಮೆ ಹೊಕ್ಕುಳನ್ನೂ ದಾಟಿ ಊದುತ್ತದೆ. ಆಗ ರೋಗಿಯ ಬೆರಳಿನಿಂದ ತೆಗೆದ ಹನಿಯಲ್ಲೂ, ನಾಯ್ಮನ್ ಮಜ್ಜೆಯಲ್ಲಿ ಕಂಡಿದ್ದ ಕೋಶಕೇಂದ್ರದ ಕೆಂಪು ಕಣಗಳು ಕಾಣಸಿಗುತ್ತವೆ.