ಹರಳೆಣ್ಣೆಯ ನೈಲಾನು

ನೈಲಾನು ಕಲ್ಲಿದ್ದಲು ಕಲ್ಲೆಣ್ಣೆಗಳ ಕೂಸೆಂದೇ ನಮ್ಮೆಲ್ಲರ ತಿಳಿವಳಿಕೆ. ಅಮೆರಿಕದಲ್ಲಿ 1935ರಲ್ಲಿ ಕ್ಯಾರೊಥರ್ಸ್ ಪಡೆದದ್ದು ಅಂಥದೇ. ಆದರೆ ಫ್ರಾನ್ಸಿನ ಜೋಸೆಫ್ ಜೆಲ್ಟ್ನರ್ 1938ರಲ್ಲಿ ತೊಡಗಿದ ಶೋಧ ಹೊರಟದ್ದು ನಮ್ಮ ಅಜ್ಜಿಯರು ಮಕ್ಕಳ ನೆತ್ತಿಗೆ ತಟ್ಟುತ್ತಿದ್ದ ಹರಳೆಣ್ಣೆಯಿಂದ.

ಆ ಎಣ್ಣೆಯ ಮುಖ್ಯ ಆಮ್ಲವು ಇಂಗಾಲದ 18 ಪರಮಾಣುಗಳ ಸರಪಳಿ. ಅದರ 12ನೆಯ ಕೊಂಡಿಯ ಮೇಲೆ ಗಿಡವೇ ಒಂದು ಹೈಡ್ರಾಕ್ಸಿಲನ್ನು ಕೂರಿಸಿದೆ. ತೀವ್ರವಾಗಿ ಕಾಯಿಸಿದಾಗ ಸರಪಳಿ ಅದರ ಪಕ್ಕದಲ್ಲೇ ಮುರಿದು 11 ಕೊಂಡಿಗಳ ತುಂಡು ಸಿಗುತ್ತದೆ. ತುದಿಗೆ ಅಮೈನು ಸೇರಿಸಿದರೆ ಅದೇ ಪಾಲಿಮರಿನ ಇಟ್ಟಿಗೆ. ಅರ್ಧ ರಸಾಯನವನ್ನು ಗಿಡವೇ ಮುಗಿಸಿಟ್ಟಿತ್ತೆನ್ನಬೇಕು!

1949ರಲ್ಲಿ ರಿಲ್ ನದಿಯ ದಡದ ಸೆರ್ಕಿನ್ಯಿಯಲ್ಲಿ ತಯಾರಿಕೆ ಮೊದಲಾಯಿತು. ನದಿಯ ಹೆಸರೇ ಅಂಟಿ ಪದಾರ್ಥ 'ರಿಲ್ಸಾನ್' ಆಯಿತು. ಇಂದು ಜಗತ್ತಿನ ಹರಳಿನ ಬಹುಪಾಲು ಬೆಳೆಯುವುದು ಭಾರತದಲ್ಲಿ, ಅದರಲ್ಲೂ ಗುಜರಾತಿನಲ್ಲಿ. ಇಟ್ಟಿಗೆ ಬಹುಕಾಲ ಬೆಂದದ್ದು ಮಾತ್ರ ಮಾರ್ಸೇಲ್ಸಿನಲ್ಲಿ.