ಶ್ರೀರಂಗಪಟ್ಟಣದ ಬಂದೂಕು ಕುಸುರಿ

ಮೈಸೂರಿನ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ (1782–1799) ಶ್ರೀರಂಗಪಟ್ಟಣ ಮತ್ತಿತರ ಕಾರ್ಖಾನೆಗಳಲ್ಲಿ ತಯಾರಾದ ಚಕಮಕಿ ಬಂದೂಕು, ಪಿಸ್ತೂಲುಗಳ ಮೇಲೆ ಕೈಯಿಂದ ಮಾಡಿದ ಕೆತ್ತನೆ ಮತ್ತು ಚಿನ್ನ ಬೆಳ್ಳಿಯ ಕೆಲಸ. ಕರ್ನಾಟಕದಲ್ಲಿ ಬಂದೂಕಿನ ಅಲಂಕರಣವೆಂದರೆ ಮೊದಲು ನೆನಪಾಗುವುದು ಇದೇ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ರಿವಾಲ್ವರುಗಳ ಮೇಲೆ ಬಳ್ಳಿ ಸುರುಳಿಗಳ ಕೆತ್ತನೆ ಹೆಸರು ಮಾಡುವುದಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ಮೊದಲೇ ಕಾವೇರಿಯ ದಂಡೆಯಲ್ಲಿ ಈ ಕೆಲಸ ನಡೆದಿತ್ತು.

ಈ ಬಂದೂಕುಗಳ ಗುರುತು ಹುಲಿ. ಓರೆಯಾಗಿ ಬಾಗಿದ ಚಿಕ್ಕ ಎಲೆಯಂಥ ಪಟ್ಟೆಗಳು ಸುಲ್ತಾನನ ಸಿಪಾಯಿಗಳ ಉಡುಪು, ಧ್ವಜ, ಖಡ್ಗಗಳಲ್ಲಿ ಇದ್ದಂತೆ ನಳಿಗೆ ಮತ್ತು ಬೆಳ್ಳಿಯ ಕಟ್ಟುಗಳ ಮೇಲೂ ಬರುತ್ತವೆ. ದೇವರ ಸಿಂಹಕ್ಕೆ ಜಯ ಎಂಬರ್ಥದ ಅರಬ್ಬಿ ವಾಕ್ಯವನ್ನು ಕನ್ನಡಿಯಲ್ಲಿ ಪ್ರತಿಬಿಂಬಿಸಿದಂತೆ ಎರಡು ಕಡೆಗೂ ಬರೆದು, ಅಕ್ಷರಗಳೇ ಹುಲಿಯ ಮುಖವಾಗಿ ಕಾಣುವಂತೆ ಹೆಣೆದ ಮುದ್ರೆಯೂ ಉಂಟು. ಟಿಪ್ಪುವಿನ ತಂದೆ ಹೈದರನ ಹೆಸರಿನ ಮುದ್ರೆ, ತಯಾರಿಕೆಯ ಊರು, ಕುಶಲಕರ್ಮಿಯ ಹೆಸರು, ವರ್ಷ ಇವೂ ಆಯ್ದ ಬಂದೂಕುಗಳಲ್ಲಿ ಚಿನ್ನದಲ್ಲಿ ಕೂತಿವೆ. ಊರನ್ನು ಪಟ್ಟಣ ಎಂದಷ್ಟೇ ಬರೆಯುವುದು ವಾಡಿಕೆ. ಸಯ್ಯದ್ ಮಾಸೂಮ್, ಸಯ್ಯದ್ ದಾವೂದ್ ಇವರು ಹೀಗೆ ಹೆಸರು ಉಳಿಸಿಕೊಂಡ ಕರ್ಮಿಗಳು. ವರ್ಷ ಮಾತ್ರ ಓದುಗ ತಡವರಿಸುವಂತೆ ಮಾಡುತ್ತದೆ. ಟಿಪ್ಪು ಹಿಜರಿ ಶಕೆಯನ್ನು ಬಿಟ್ಟು 1787ರ ಸುಮಾರಿಗೆ ಮೌಲೂದಿ ಎಂಬ ಹೊಸ ಶಕೆಯನ್ನು ಜಾರಿಗೆ ತಂದ. ಆ ಶಕೆಯ ವರ್ಷಕ್ಕೆ 572 ಕೂಡಿಸಿದರೆ ಕ್ರಿ.ಶ. ವರ್ಷ ಹೆಚ್ಚುಕಡಿಮೆ ಸಿಗುತ್ತದೆ. ನಾಣ್ಯಗಳ ಮೇಲೆ ಈ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ್ದ.

ಕೆಲಸದಲ್ಲಿ ಬೇರೆ ಬೇರೆ ಬಗೆಗಳಿವೆ. ಉಕ್ಕಿನಲ್ಲಿ ಚಾಣದಿಂದ ಗೆರೆ ಕೊರೆದು ಬಿಡುವುದು ಒಂದು. ತೋಡನ್ನು ಒಳಗೆ ಅಗಲವಾಗುವಂತೆ ಕೊರೆದು, ಚಿನ್ನದ ತಂತಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸುವುದು ಇನ್ನೊಂದು. ಹೀಗೆ ಕೂರಿಸಿದ ಚಿನ್ನ ಸುಲಭವಾಗಿ ಕಿತ್ತುಬರುವುದಿಲ್ಲ. ಕೋಫ್ತಗಾರಿ ಇದಕ್ಕಿಂತ ಬೇಗ ಆಗುತ್ತದೆ: ಉಕ್ಕಿನ ಮೈಯನ್ನು ಅಡ್ಡಡ್ಡ ಗೀರುಗಳಿಂದ ಒರಟು ಮಾಡಿ, ತೆಳ್ಳನೆ ತಂತಿಯನ್ನು ಅದರ ಮೇಲಿಟ್ಟು ಬಡಿದು, ಕಾಯಿಸಿ, ನಯಗಲ್ಲಿನಿಂದ ಉಜ್ಜುತ್ತಾರೆ. ಕೈ ಹೆಚ್ಚು ಓಡಾಡಿದ ಕಡೆ ಇದು ಸವೆಯುತ್ತದೆ. ಬೀದರಿನ ಬಿದ್ರಿ ಕೆಲಸಗಾರರೂ ಚಾಣ, ಸುತ್ತಿಗೆ ಹಿಡಿದು ಬೆಳ್ಳಿ ಕೂರಿಸುವವರೇ. ಆದರೆ ಅವರ ಕೈಕೆಳಗಿರುವುದು ಸತುವಿನ ಮೆದು ಮಿಶ್ರಲೋಹ. ಉಕ್ಕು ಅಷ್ಟು ಸುಲಭವಾಗಿ ಮಣಿಯದು.

ಅಲಂಕಾರ ಹೆಚ್ಚು ಕೇಂದ್ರೀಕರಿಸುವುದು ಚಕಮಕಿ ಯಂತ್ರದ ಸುತ್ತ. ಇದಕ್ಕೆ ಕಾರಣವೂ ಇದೆ. ಕಲ್ಲನ್ನು ಕಚ್ಚಿ ಹಿಡಿಯುವ ಕುದುರೆಯನ್ನು ಪ್ರತಿ ಹೊಡೆತಕ್ಕೂ ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯಬೇಕು, ಕಣ್ಣು ಅಲ್ಲಿಗೇ ಹೋಗುತ್ತದೆ. ಎಷ್ಟೋ ಕಡೆ ಆ ಕುದುರೆಯನ್ನೇ ಹುಲಿಯ ರೂಪದಲ್ಲಿ ಕಡೆದಿದ್ದಾರೆ. ಇದೇ ರೀತಿ ಹೆಬ್ಬೆರಳಿಂದ ಎಳೆಯುವ ರಿವಾಲ್ವರುಗಳಲ್ಲಿ ಹೆಸರಾದದ್ದು ಅಮೆರಿಕದ ಕೋಲ್ಟ್ ಕಂಪನಿಯ 1873ರ ಮಾದರಿ. ಆ ಕಂಪನಿಯ ಕೆತ್ತನೆ ವಿಭಾಗವನ್ನು ಕ್ಯೂನೊ ಹೆಲ್ಫ್ರಿಖ್ಟ್ ದೀರ್ಘಕಾಲ ನೋಡಿಕೊಂಡ. ನ್ಯೂಯಾರ್ಕಿನಲ್ಲಿ ಎಲ್.ಡಿ. ನಿಮ್ಶ್ಕೆ ಬಂದೂಕು ಕೆತ್ತನೆಗೆ ಹೆಸರು ಪಡೆದ. ಇಬ್ಬರದೂ ಜರ್ಮನ್ ಮೂಲ. ಅವರ ಬಳ್ಳಿಗಳು ಚೆಲುವು ಮತ್ತು ಕೊಳ್ಳುವವನ ಆಸೆಗೆ ಸೇರಿದವು. ಶ್ರೀರಂಗಪಟ್ಟಣದ ಪಟ್ಟೆ ರಾಜನ ಮಾತು. ಅದು ಯಾರ ಬಂದೂಕು ಎಂದು ಯಾರಿಗೂ ಸಂಶಯ ಬರಬಾರದೆಂಬುದು ಮೊದಲ ಉದ್ದೇಶ, ಚೆಂದ ಆಮೇಲೆ.

ತಯಾರಿಕೆ ಶ್ರೀರಂಗಪಟ್ಟಣದ ಜತೆಗೆ ನಗರ (ಬಿದನೂರು), ಬೆಂಗಳೂರು, ಚಿತ್ರದುರ್ಗಗಳಲ್ಲೂ ಇತ್ತು. ಫ್ರೆಂಚ್ ಕುಶಲಿಗರ ನೆರವನ್ನು ಟಿಪ್ಪು ಬಯಸಿದ್ದ. 1788ರಲ್ಲಿ ಹದಿನಾರನೆಯ ಲೂಯಿಯ ಬಳಿ ಹೋದ ರಾಯಭಾರಿಗಳು ಕೇಳಿದವುಗಳಲ್ಲಿ ಕರ್ಮಿಗಳನ್ನು ಕಳುಹಿಸಿಕೊಡಿ ಎಂಬುದೂ ಒಂದು. ಯಂತ್ರದ ಆಕಾರದಲ್ಲಿ ಯೂರೋಪಿನ ಮಾದರಿ ಕಾಣುವುದು ಈ ಸಂಪರ್ಕದಿಂದ, ಹುಲಿ ಮತ್ತು ಅಕ್ಷರ ಮಾತ್ರ ಇಲ್ಲಿನವೇ. ಇದೆಲ್ಲ ಆಯ್ದ ಬಂದೂಕುಗಳ ಮಾತು, ಸಿಪಾಯಿಯ ಕೈಯಲ್ಲಿದ್ದುದು ಬಹುಪಾಲು ಸಾದಾ. 2018ರಲ್ಲಿ ನಗರದ ಹತ್ತಿರದ ಹಾಳುಬಾವಿಯೊಂದರಲ್ಲಿ ಸಿಕ್ಕ ಟಿಪ್ಪು ಕಾಲದ ಸುಮಾರು ಸಾವಿರ ರಾಕೆಟ್ಟುಗಳನ್ನು ನೋಡಿದರೆ ಯುದ್ಧದ ಸಾಮಗ್ರಿ ಎಷ್ಟು ಬೋಳು ಎಂಬುದು ತಿಳಿಯುತ್ತದೆ: ಕಬ್ಬಿಣದ ಕೊಳವೆ, ಅಷ್ಟೇ.

ಕೊಡಗಿನ ದಾರಿಯೇ ಬೇರೆ. ಅಲ್ಲಿ ಕೋವಿ ಮನೆತನದ ಸ್ವತ್ತು. ಬ್ರಿಟಿಷರ ಕಾಲದಿಂದ ಬಂದ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿತು. ಬೆಳ್ಳಿ ಚಿನ್ನದ ಕಟ್ಟು ಕಾಣುವುದು ಪೀಚೆಕತ್ತಿ ಎಂಬ ಕಠಾರಿಯಲ್ಲಿ. ಕೈಲ್ ಪೊಳ್ದ್ ಹಬ್ಬದ ಪೂಜೆಯಲ್ಲಿ ಕೋವಿಯ ಬಾಯಿಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸುತ್ತಾರೆ.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಮಡಿದ ಮೇಲೆ ಬ್ರಿಟಿಷರು ಖಜಾನೆ, ಶಸ್ತ್ರಾಗಾರಗಳನ್ನು ಕೊಳ್ಳೆಯಾಗಿ ಹಂಚಿಕೊಂಡರು. ಬಂದೂಕುಗಳು ಲಂಡನ್ನಿನ ವಸ್ತುಸಂಗ್ರಹಾಲಯಗಳಿಗೆ, ಬ್ರಿಟನ್ನಿನ ರಾಜಮನೆತನದ ಸಂಗ್ರಹಕ್ಕೆ, ಖಾಸಗಿಯವರ ಕೈಗೆ ಸೇರಿದವು. ಸಂಗ್ರಾಹಕ ರಾಬಿನ್ ವಿಗಿಂಗ್ಟನ್ 1992ರಲ್ಲಿ ಪ್ರಕಟಿಸಿದ ಗ್ರಂಥ ಇವುಗಳ ಅಧ್ಯಯನಕ್ಕೆ ಇಂದಿಗೂ ಆಧಾರ. ಅವರ ಸಂಗ್ರಹ 2005ರಲ್ಲಿ ಹರಾಜಾಯಿತು. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಸಂಸ್ಥೆ ಟಿಪ್ಪುವಿಗೆ ಸಂಬಂಧಿಸಿದ 30 ವಸ್ತುಗಳನ್ನು ಹರಾಜಿಗಿಟ್ಟಾಗ ಒಟ್ಟು ಸುಮಾರು 60 ಲಕ್ಷ ಪೌಂಡ್ ಬಂತು. ಅದರಲ್ಲಿ ಬಂದೂಕುಗಳೂ ಇದ್ದವು.