ಜಾಮಖೇಡದ ಆರೋಗ್ಯ ಸೇವಕಿಯರು

ಮಹಾರಾಷ್ಟ್ರದ ಜಾಮಖೇಡ ಬರಗಾಲದ ಸೀಮೆ. 1970ರಲ್ಲಿ ರಜನಿಕಾಂತ್ ಮತ್ತು ಮೇಬೆಲ್ ಆರೋಳೆ ಎಂಬ ವೈದ್ಯ ದಂಪತಿ ಅಲ್ಲಿ ನೆಲೆಸಿದರು. ಹಳ್ಳಿಗಳಿಗೆ ಮೊದಲು ತರಬೇತಿ ಪಡೆದ ನರ್ಸುಗಳನ್ನು ಕಳಿಸಿದರು. ಅದು ಫಲಿಸಲಿಲ್ಲ. ಹೊರಗಿನಿಂದ ಬಂದ ಹುಡುಗಿ ಒಂಟಿಯಾಗಿ ಹಳ್ಳಿಯಲ್ಲಿ ಉಳಿಯುವುದು ಕಷ್ಟ. ಉಳಿದರೂ ಬಾಣಂತಿಯ ಕೋಣೆಯ ಬಾಗಿಲು ಅವಳಿಗೆ ತೆರೆಯಬೇಕಲ್ಲ?

ಆಮೇಲೆ ಊರವರೇ ತಮ್ಮೊಳಗಿನ ಹೆಣ್ಣೊಬ್ಬಳನ್ನು ಆರಿಸುವ ಪದ್ಧತಿ ಬಂತು. ಹೆಚ್ಚಿನವರು ಓದುಬರಹ ಅರಿಯದವರು, ಹಲವರು ದಲಿತರು. ಜಾಮಖೇಡಕ್ಕೆ ಬಂದು ಕಲಿತು ಹೋಗುತ್ತಿದ್ದರು: ಭೇದಿಯಾದ ಮಗುವಿಗೆ ಉಪ್ಪು-ಸಕ್ಕರೆಯ ನೀರು, ಶುಚಿಯಾದ ಹೆರಿಗೆ, ಗರ್ಭಿಣಿಯಲ್ಲಿ ಕಾಣುವ ಅಪಾಯದ ಲಕ್ಷಣಗಳು. ಜಾತಿಯ ಗೋಡೆ ಮಾತ್ರ ಹಾಗೆಯೇ ಇತ್ತು. ಕುಡಿಯುವ ನೀರಿನ ಕೊಳವೆಬಾವಿಗಳನ್ನು ಆರೋಳೆ ದಂಪತಿ ದಲಿತ ಕೇರಿಗಳಲ್ಲೇ ಕೊರೆಸಿದರು. ಬಾಯಾರಿದ ಮೇಲ್ಜಾತಿಯವರು ಕೊಡ ಹಿಡಿದು ಅಲ್ಲಿಗೇ ಬರಬೇಕಾಯಿತು. ವೈದ್ಯಗ್ರಂಥದಲ್ಲಿಲ್ಲದ ಮದ್ದು ಇದು!

1979ರಲ್ಲಿ ದಂಪತಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಹುಟ್ಟಿದ ಆಶಾ ಕಾರ್ಯಕರ್ತೆಯೂ ಇದೇ ಅಚ್ಚಿನವಳು, ಊರಿನದೇ ಹೆಣ್ಣು. ಆಕೆಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಕೆಲಸಕ್ಕಿಷ್ಟೆಂಬ ಪ್ರೋತ್ಸಾಹಧನ. 2025ರ ಜನವರಿಯ ಚಳಿಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕುಳಿತದ್ದು ಅದಕ್ಕಾಗಿಯೇ.